ಅರವತ್ತು ಮಂದಿಯ ಅಡಿಗೆ

ಇಬ್ಬರಿಗೆ ಅಡಿಗೆ ಮಾಡುವುದು ನನಗೆ ಗೊತ್ತಿರಲಿಲ್ಲ. ನಗುವವರು ನಕ್ಕುಬಿಡಿ. ಅರವತ್ತು ಮಂದಿಗೆ ಮಾಡು ಅಂದರೆ ಕಣ್ಣು ಮುಚ್ಚಿ ಮಾಡುತ್ತಿದ್ದೆ. ಹಂಡೆಗೆ ಎಷ್ಟು ನೀರು, ನೀರಿಗೆ ಎಷ್ಟು ನುಚ್ಚು, ನುಚ್ಚಿಗೆ ಎಷ್ಟು ಉಪ್ಪು ಅನ್ನುವುದು ನನ್ನ ರಟ್ಟೆಗೆ ಗೊತ್ತಿತ್ತು. ತಲೆಗೆ ಗೊತ್ತಿರಲಿಲ್ಲ. ರಾಯಚೂರಿನ ಅನಾಥ ಹೆಣ್ಣುಮಕ್ಕಳ ಆಶ್ರಮದಲ್ಲಿ ನಾನು ಬೆಳೆದದ್ದೇ ಒಲೆಯ ಮುಂದೆ. ಮೊದಲ ಸಲ ಕೈಗೆ ಸೌಟು ಕೊಟ್ಟಾಗ ಅದು ನನ್ನ ಎದೆಯ ತನಕ ಬರುತ್ತಿತ್ತು. ಒಮ್ಮೆ ಹಂಡೆ ಇಳಿಸುವಾಗ ಬಿಸಿ ನುಚ್ಚು ಕಾಲ ಮೇಲೆ ಚೆಲ್ಲಿ ಚರ್ಮ ಸುಲಿದು ಬಂತು. ಮೊದಲು ಬಡಿದದ್ದು ನುಚ್ಚು ಚೆಲ್ಲಿದ್ದಕ್ಕೆ. ಕಾಲಿಗೆ ಏನೋ ಹಚ್ಚಿದ್ದು ಆಮೇಲೆ.

ಊಟದ ಹೊತ್ತಿಗೆ ತಾಟು ಬಡಿಯುವುದೂ ನನ್ನದೇ ಕೆಲಸ. ಸೌಟಿನಿಂದ ತಾಟಿಗೆ ಬಡಿದರೆ ಹುಡುಗಿಯರು ತಲೆ ತಗ್ಗಿಸಿ ಸಾಲು ನಿಲ್ಲಬೇಕು. ಒಬ್ಬೊಬ್ಬರಿಗೆ ಒಂದೇ ಸೌಟು. ಇನ್ನೊಂದು ಸೌಟು ಕೇಳಿದವಳ ಬೆರಳ ಗೆಣ್ಣಿನ ಮೇಲೆ ಅದೇ ಸೌಟು ಬೀಳುತ್ತಿತ್ತು. ಬೆರಳಿಗೆ ಬಡಿಯುವ ಕೆಲಸ ಮಾತ್ರ ನನಗೆ ಕೊಟ್ಟಿರಲಿಲ್ಲ. ಅದು ಆಶ್ರಮದ ಅಧ್ಯಕ್ಷರದು.

ಅಧ್ಯಕ್ಷರೆಂದರೆ ಸೂಗಪ್ಪ ಸಾವ್ಕಾರ. ಗಂಜ್ ಮಾರುಕಟ್ಟೆಯಲ್ಲಿ ಶೇಂಗಾ ವ್ಯಾಪಾರ, ದೇವದುರ್ಗದ ಕಡೆ ಹೊಲ, ಹಣೆಯ ತುಂಬ ವಿಭೂತಿ. ನೋಡಿದರೆ ಕೈಮುಗಿಯಬೇಕು ಅನ್ನಿಸುವಂಥ ಮನುಷ್ಯ. ನಾವು ದಿನಾ ನೋಡುತ್ತಿದ್ದೆವು, ಹಾಗಾಗಿ ಅನ್ನಿಸುತ್ತಿರಲಿಲ್ಲ. ಊಟದ ಹೊತ್ತಿಗೆ ಬಂದು, ಇನ್ನೊಂದು ಸೌಟು ಕೇಳಿದವಳಿಗೆ, "ಇದೇನ್ ನಿಮ್ಮಪ್ಪನ ಮನಿ ಏನಲೇ?" ಅನ್ನುವುದು ಅವರ ವಾಡಿಕೆ. ಆದರೆ ಆಶ್ರಮಕ್ಕೆ ಸಾಹೇಬರೋ ಮಂತ್ರಿಗಳೋ ಬಂದರೆ ಬಾಯಿ ಬೇರೆ. ನಮ್ಮ ತಲೆ ಸವರಿ, "ಇವೆಲ್ಲಾ ನನ್ನ ಮಕ್ಕಳ್ರೀ. ಇವುಕ್ಕ ನಾನೇ ಅಪ್ಪ" ಅನ್ನುತ್ತಿದ್ದರು. ಆಗ ನಾವು ಸಾಲಾಗಿ ನಿಂತು ಒಂದೇ ರಾಗದಲ್ಲಿ ಕೂಗಬೇಕು: "ಯಪ್ಪಾ, ಶರಣ್ರೀ ಯಪ್ಪಾ." ಈ ರಾಗ ಕಲಿಸಲು ಒಬ್ಬ ಮಾಸ್ತರನನ್ನೇ ಇಟ್ಟಿದ್ದರು. ರಾಗ ತಪ್ಪಿದವಳಿಗೆ ಆ ಹೊತ್ತಿನ ಊಟ ಇಲ್ಲ.

ಶಾಲೆಗೆ ಸೇರಿಸುವಾಗಲೂ ಎಲ್ಲರ ಅಪ್ಪನ ಹೆಸರು ಅವರದೇ ಬರೆಸಿದ್ದರು. ಹಾಜರಿ ಕರೆಯುವಾಗ ಮಾಸ್ತರರು, "ಶೇಖಮ್ಮ ತಂದಿ ಸೂಗಪ್ಪ" ಎಂದು ನನ್ನನ್ನು ಕರೆದು ದಾಟಿಬಿಡುತ್ತಿದ್ದರು. "ಜಾಹೆದಾ ತಂದಿ ಸೂಗಪ್ಪ" ಅನ್ನುವಾಗ ಮಾತ್ರ ಪ್ರತಿ ಸಲ ಎಡವುತ್ತಿದ್ದರು. ಜಾಹೆದಾ ಎದ್ದು ನಿಂತು, "ಹೌದ್ರೀ ಸರ, ನಮ್ಮಪ್ಪ ಬಾಳ ದೊಡ್ಡ ಮನಸಿನವ" ಅನ್ನುತ್ತಿದ್ದಳು. ಇಡೀ ಕ್ಲಾಸು ಬಿದ್ದು ನಗುತ್ತಿತ್ತು.

ಜಾಹೆದಾ ನನ್ನ ಜೋಡಿ. ಸ್ಟೇಷನ್ನಿನಲ್ಲಿ ಸಿಕ್ಕ ಕೂಸು ಅವಳು. ಆಶ್ರಮದ ಆಯಾ ಅಮೀರ್ ಬೀ ಎತ್ತಿ ತಂದು ಹೆಸರಿಟ್ಟು, ತನ್ನ ಮಾತನ್ನೂ ಕಲಿಸಿ ಸತ್ತಳು. ನಾನು ಮಾನ್ವಿಯ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವಳು. ಸಿಕ್ಕವರ ಹುಟ್ಟಿದ ದಿನ ಯಾರಿಗೆ ಗೊತ್ತು? ಸಾವ್ಕಾರರು ಎಲ್ಲರಿಗೂ ಜೂನ್ ಒಂದು ಎಂದು ಬರೆಸಿದ್ದರು. ಹೀಗಾಗಿ ಪ್ರತಿ ವರ್ಷ ಜೂನ್ ಒಂದಕ್ಕೆ ಆಶ್ರಮದಲ್ಲಿ ಕೆಲವರಿಗೆ ಒಟ್ಟಿಗೇ ಹದಿನೆಂಟು ತುಂಬುತ್ತಿತ್ತು. ತುಂಬಿದವರಿಗೆ ಒಂದು ಸೀರೆ, ಒಂದು ತಗಡಿನ ಟ್ರಂಕು ಕೊಟ್ಟು ಬಾಗಿಲು ತೋರಿಸುತ್ತಿದ್ದರು. ಬಾಗಿಲಾಚೆ ಏನಿದೆ ಅಂತ ಮಾತ್ರ ಯಾರೂ ಹೇಳುತ್ತಿರಲಿಲ್ಲ.

ಹಾಗಂತ ಸರ್ಕಾರಕ್ಕೆ ಕಣ್ಣಿರಲಿಲ್ಲ ಅಂತಲ್ಲ. ಹೊರಬೀಳುವ ಹುಡುಗಿಯರು ಕಾಲೂರುವ ತನಕ ಇರಲಿ ಎಂದು ಗಂಜಿನ ಹಿಂದೆ, ಹಮಾಲರ ಓಣಿಯಲ್ಲಿ, ಒಂದು ಮನೆ ಕಟ್ಟಿಸಲು ದುಡ್ಡು ಕೊಟ್ಟಿತ್ತು. ಆ ಬೇಸಿಗೆ ಆಶ್ರಮದ ಹುಡುಗಿಯರೇ ಇಟ್ಟಿಗೆ ಹೊತ್ತೆವು. ಕೂಲಿಯವರು ಯಾಕೆ, ಮಕ್ಕಳ ಮನೆಗೆ ಮಕ್ಕಳೇ ದುಡಿಯಲಿ ಎಂದರು ಸಾವ್ಕಾರರು. ರಾಯಚೂರಿನ ಬಿಸಿಲು ನಿಮಗೆ ಗೊತ್ತು. ತಲೆಯ ಮೇಲೆ ಇಟ್ಟಿಗೆ, ಕಾಲ ಕೆಳಗೆ ಕಾದ ಮಣ್ಣು. ಗೋಡೆಗೆ ಹೊತ್ತು ಹೊತ್ತಿಗೆ ನೀರು ಹೊಡೆದವಳು ನಾನು. ಹಿಂದಿನ ಕಿಟಕಿಗೆ ಸಿಮೆಂಟಿನ ಬದಲು ಮಣ್ಣು ಮೆತ್ತಿದ್ದನ್ನು ನೋಡಿದವಳು ಜಾಹೆದಾ. "ಈ ಕಿಟಕಿ ಒಂದು ದಿನ ಉಪಯೋಗಕ್ಕ ಬರ್ತದ ನೋಡು" ಅಂದಿದ್ದಳು.

ಮಂತ್ರಿ ಬಂದು ರಿಬ್ಬನ್ ಕತ್ತರಿಸಿದ. ಬಾಗಿಲ ಮೇಲೆ ಕಲ್ಲು ಕೂಡಿಸಿದರು: 'ಆಶ್ರಮದಿಂದ ಹೊರಹೋಗುವ ಬಾಲಿಕೆಯರ ವಸತಿ.' ನಾವು ಹೂ ಎರಚಿ, "ಯಪ್ಪಾ, ಶರಣ್ರೀ ಯಪ್ಪಾ" ಎಂದು ಕೂಗಿದೆವು. ಮಂತ್ರಿಯ ಕಾರಿನ ಧೂಳು ಇಳಿಯುವುದರೊಳಗೆ ಸಾವ್ಕಾರರ ಚೀಲಗಳು ಒಳಗೆ ಹೋದವು. ಬಾಗಿಲಿಗೆ ಕೀಲಿ ಬಿತ್ತು. ಅಲ್ಲಿಂದ ಅದು ಸಾವ್ಕಾರರ ಗೋದಾಮು.

ಹುಡುಗಿಯರಿಗೆ ಮನೆ ಇಲ್ಲದಿದ್ದರೇನು, ಗಂಡ ಇದ್ದನಲ್ಲ. ಮೇ ತಿಂಗಳು ಬಂತೆಂದರೆ ವರಗಳು ಬರುತ್ತಿದ್ದವು. ಹೆಂಡತಿ ಸತ್ತವರು, ಹೆಂಡತಿ ಬಿಟ್ಟು ಹೋದವರು, ಊರಲ್ಲಿ ಯಾರೂ ಹೆಣ್ಣು ಕೊಡದವರು. ಒಪ್ಪಿಗೆಯಾದರೆ ಆಶ್ರಮಕ್ಕೆ ಕಾಣಿಕೆ. ಕಾಣಿಕೆ ಹೋಗುತ್ತಿದ್ದದ್ದು ಯಾವ ಹುಂಡಿಗೆ ಅನ್ನುವುದು ಎಲ್ಲರಿಗೂ ಗೊತ್ತಿತ್ತು.

ಎಪ್ಪತ್ತೊಂಬತ್ತರ ಮೇ ತಿಂಗಳಲ್ಲಿ ನನ್ನ ಸರದಿ. ದೇವದುರ್ಗದ ಕಡೆಯ ಗೂಗಲ್ ಎಂಬ ಊರಿನಿಂದ ಒಬ್ಬ ಬಂದ. ಅವನ ಹಿರಿಮಗಳು ನನಗಿಂತ ದೊಡ್ಡವಳು, ಜೊತೆಗೆ ಬಂದಿದ್ದಳು. ಜಗಲಿಯ ಮೇಲೆ ನನ್ನನ್ನು ನಿಲ್ಲಿಸಿದರು.

"ಅಲ್ಲೀತನಾ ನಡದು ಬಾ" ಅಂದ. ನಡೆದೆ. "ಕೈ ತೋರಿಸು" ಅಂದ. ತೋರಿಸಿದೆ. ಅಂಗೈ ತಿಕ್ಕಿ ನೋಡಿದ. "ರೊಟ್ಟಿ ಬಡಿ" ಅಂದ. ಅವನೆದುರು ಕೂತು ರೊಟ್ಟಿ ಬಡಿದೆ. ಬೆನ್ನು ಬಗ್ಗಿಸಿದಾಗ ಎಲ್ಲಿ ನೋಡಬೇಕೋ ಅಲ್ಲೆಲ್ಲ ನೋಡಿದ. ಸಂತೆಯಲ್ಲಿ ಎಮ್ಮೆಗೂ ಇಷ್ಟು ಹೊತ್ತು ಹಿಡಿಯುವುದಿಲ್ಲ. ಕೊನೆಗೆ ಮಗಳ ಕಡೆ ತಿರುಗಿ, "ದುಡ್ಯಾಕ ಗಟ್ಟಿ ಅದಾಳ" ಅಂದ. ಆ ಮಗಳು ನನ್ನ ಮುಖ ನೋಡಲಾರದೆ ಕಂಬದ ಹಿಂದೆ ಸರಿದಳು.

ಅಷ್ಟರಲ್ಲಿ ಜಾಹೆದಾ ವರನಿಗೆ ಅವಲಕ್ಕಿ ತಂದಿಟ್ಟಳು. ಅದರಲ್ಲಿ ಖಾರ ಎಷ್ಟಿತ್ತೆಂದರೆ ಎರಡನೇ ತುತ್ತಿಗೆ ಅವನ ಕಣ್ಣು ಮೂಗು ಎಲ್ಲ ಸುರಿಯತೊಡಗಿತು. "ಹೆಣ್ಣು ಕಂಡು ಕಣ್ಣೀರು ಬಂತು ನೋಡ್ರಿ ಪಾಪ" ಅಂದಳು ಜಾಹೆದಾ. ನನಗೆ ನಗು ಬಂತು. ನಕ್ಕ ಮೇಲೆ ಹೆದರಿಕೆ ಹೋಯಿತು. ಹೆದರಿಕೆ ಹೋದ ಮೇಲೆ ಮಾತು ತಾನಾಗಿ ಬಂತು.

"ನಾ ಒಲ್ಲೆ" ಅಂದೆ.

ಸಾವ್ಕಾರರಿಗೆ ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಅಂದೆ.

"ಒಲ್ಲೆ ಅಂದ್ರ ಎಲ್ಲಿಗಿ ಹೋಗ್ತೀಬೇ? ಜೂನ್ ಒಂದಕ್ಕ ಇಲ್ಲಿ ನಿನ್ನ ತಾಟು ಇರಂಗಿಲ್ಲ."

"ನಮ್ಮ ಮನಿಗಿ ಹೋಗ್ತೀನ್ರಿ."

"ನಿಂದ್ಯಾವುದು ಮನಿ?"

"ಗಂಜ್ ಹಿಂದಿಂದು. ಬಾಗಿಲ ಮ್ಯಾಲ ಕಲ್ಲಾಗ ಬರದಾದಲ್ರೀ."

ಸಾವ್ಕಾರರು ನಕ್ಕರು. ಹೊಟ್ಟೆ ಕುಣಿಯುವಂತೆ ನಕ್ಕರು. ಅವರು ನಕ್ಕದ್ದು ನನಗೆ ಬೈದದ್ದಕ್ಕಿಂತ ಹೆಚ್ಚು ಉರಿಯಿತು. ಜಾಹೆದಾಗೂ ಆ ವರ್ಷವೇ ಹದಿನೆಂಟು. ಜೂನ್ ಒಂದರ ಮುಂಜಾನೆ ನಮ್ಮಿಬ್ಬರನ್ನೂ ಟ್ರಂಕಿನ ಸಮೇತ ಹೊರಗೆ ನಿಲ್ಲಿಸಿ ಗೇಟು ಹಾಕಿದರು. "ಉಪವಾಸ ಬಿದ್ದು ತಾವಾಗೇ ಬರ್ತಾವ. ಗೂಗಲ್ಲಿನವನಿಗಿ ನಾಳೆ ಬಾ ಅಂತ ಹೇಳ್ರಿ" ಎಂದು ಒಳಗಿನಿಂದ ಅಂದದ್ದು ನಮಗೆ ಕೇಳಬೇಕೆಂದೇ ಅಂದದ್ದು.

ಹಾಡುಹಗಲೇ ನಾವು ಮನೆಯ ಹಿಂದೆ ಹೋದೆವು. ಜಾಹೆದಾ ಕಿಟಕಿಗೆ ಬೆನ್ನು ಕೊಟ್ಟು ಒಂದು ಸಲ ನೂಕಿದಳು. ಚೌಕಟ್ಟಿನ ಸಮೇತ ಕಿಟಕಿ ಒಳಗೆ ಬಿತ್ತು. "ನಮ್ಮಪ್ಪ ಸಿಮೆಂಟು ತಿಂದದ್ದು ಚಲೋ ಆತು" ಅಂದಳು.

ಒಳಗೆ ಬಾಗಿಲ ತನಕ ಚೀಲ. ಶೇಂಗಾ ಇರಬೇಕೆಂದು ಒಂದನ್ನು ಬಿಚ್ಚಿದೆ. ಜೋಳದ ನುಚ್ಚು. ಇನ್ನೊಂದರಲ್ಲಿ ತೊಗರಿಬೇಳೆ. ಚೀಲದ ಮೇಲೆ ಕೆಂಪು ಅಕ್ಷರದಲ್ಲಿ ಆಶ್ರಮದ ಹೆಸರು, ಕೆಳಗೆ 'ಮಾರಾಟಕ್ಕಿಲ್ಲ' ಎಂದು ಬರೆದಿತ್ತು. ನಮಗೆಂದು ಸರ್ಕಾರ ಕೊಟ್ಟ ಕಾಳು. ನಮಗೆ ಒಂದು ಸೌಟು, ಉಳಿದದ್ದು ಇಲ್ಲಿ. ನಾನು ಆ ಅಕ್ಷರಗಳನ್ನು ಓದುತ್ತ ನಿಂತುಬಿಟ್ಟೆ. ಮಾರಾಟಕ್ಕಿಲ್ಲ ಎಂದು ಚೀಲದ ಮೇಲಾದರೂ ಬರೆದಿದ್ದರು. ನಮ್ಮ ಮೇಲೆ ಯಾರೂ ಬರೆದಿರಲಿಲ್ಲ.

"ಅಳಬ್ಯಾಡಬೇ. ಹಸಿವಾಗ್ಯಾದ, ಅಡಿಗಿ ಮಾಡು. ನಾ ನೀರು ತರ್ತೀನಿ" ಎಂದು ಜಾಹೆದಾ ಬಾಗಿಲ ಚಿಲಕ ಒಳಗಿನಿಂದ ಕಿತ್ತು ಕೀಲಿಯ ಸಮೇತ ಬಿಸಾಕಿ ಹೊರಟಳು.

ಎದುರು ಮನೆ ನೂರ್ ಬೀಯದು. ಬುಟ್ಟಿಯಲ್ಲಿ ಕಾಯಿಪಲ್ಯೆ ಹೊತ್ತು ಮಾರುವವಳು. ಅವತ್ತು ಬಿಸಿಲಿಗೆ ಬಾಡಿದ ಪುಂಡಿಪಲ್ಯೆಯ ಸೊಪ್ಪು ಬುಟ್ಟಿಯ ತುಂಬ ಉಳಿದು, ತಲೆಗೆ ಕೈಹೊತ್ತು ಕೂತಿದ್ದಳು. ಒಂದು ಪಾತ್ರೆ ಕೊಡ್ರಿ ಅಂದೆ. ಒಂದು ಪುಟ್ಟ ಬೋಗಾಣಿ ಕೊಟ್ಟಳು. ನಾನು ಅದನ್ನು ತಿರುಗಿಸಿ ಮುರುಗಿಸಿ ನೋಡಿದೆ. ಅಂಥ ಪಾತ್ರೆಯಲ್ಲಿ ಅಡಿಗೆ ಮಾಡುತ್ತಾರೆಂದೇ ನನಗೆ ಗೊತ್ತಿರಲಿಲ್ಲ.

"ಇದು ನೀರು ಕುಡಿಯಾಕ ಏನ್ರೀ? ಅಡಿಗಿ ಮಾಡೋದು ಕೊಡ್ರಿ."

"ಅರೇ ಬೇಟಿ, ಎಷ್ಟು ಮಂದಿ ಅದೀರಿ?"

ಎಷ್ಟು ಮಂದಿ ಎಂದು ನನ್ನನ್ನು ಯಾರೂ ಅಲ್ಲಿಯ ತನಕ ಕೇಳಿರಲಿಲ್ಲ. ನಾನು ಒಳಗಿದ್ದ ದೊಡ್ಡ ಡೇಗಿನ ಕಡೆ ಬೊಟ್ಟು ಮಾಡಿದೆ. ಮೊಹರಮ್ಮಿಗೆ ಓಣಿಯವರೆಲ್ಲ ಕೂಡಿ ಅಡಿಗೆ ಮಾಡುವ ಡೇಗು ಅದು. ಯಾರದೋ ಹರಕೆ ಇರಬೇಕೆಂದುಕೊಂಡು ನೂರ್ ಬೀ ಡೇಗು, ಒಂದು ಹಂಡೆ, ಸೌಟು, ತಾಟು ಕೊಟ್ಟಳು. ಹೇಗೂ ಕೊಳೆಯುವುದು ಎಂದು ಪುಂಡಿಪಲ್ಯೆಯನ್ನೂ ಬುಟ್ಟಿಯ ಸಮೇತ ಎತ್ತಿಕೊಟ್ಟಳು. ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಉಪ್ಪು ಬೇರೆ.

ಬಾಗಿಲ ಮುಂದೆ ಕಲ್ಲು ಹೂಡಿ ಒಲೆ ಹಚ್ಚಿದೆ. ಆಮೇಲೆ ನನ್ನ ರಟ್ಟೆ ತನ್ನ ಕೆಲಸ ಮಾಡಿತು. ನೀರು ಕುದಿಯಿತು. ನುಚ್ಚು ಬಿತ್ತು. ಮೈ ಬೆವರಿ ನೀರಾಯಿತು. ಬೇಳೆಯಲ್ಲಿ ಪುಂಡಿಪಲ್ಯೆ ಬೆಂದು ಬೆಳ್ಳುಳ್ಳಿಯ ವಾಸನೆ ಓಣಿಯ ತುದಿ ಮುಟ್ಟಿತು. ಇಳಿಸಿದೆ. ಇಳಿಸಿದ ಮೇಲೆ ಏನು ಮಾಡಬೇಕು? ತಾಟು ಬಡಿದೆ.

ನೀರಿನ ಕೊನೆಯ ಕೊಡ ತಂದ ಜಾಹೆದಾ ಡೇಗಿನೊಳಗೆ ಇಣುಕಿ ಕೊಡವನ್ನು ಹಾಗೇ ಹಿಡಿದು ನಿಂತಳು.

"ಲೇ ಶೇಖೀ, ನಾವು ಇಬ್ಬರು ಅದೀವಿ."

ನಾನು ಡೇಗು ನೋಡಿದೆ. ಅವಳನ್ನು ನೋಡಿದೆ. ಇಬ್ಬರೂ ನಕ್ಕೆವು. ನಕ್ಕು ನಕ್ಕು ಹೊಟ್ಟೆ ಹಿಡಿದು ನೆಲಕ್ಕೆ ಕೂತೆವು. ಆ ನಗುವಿನ ನಡುವೆ ನನಗೆ ಅಳು ಬಂತು. ಇನ್ನು ಮೇಲೆ ನಮಗೆ ನಾವಿಬ್ಬರೇ ಎನ್ನುವುದು ಆಗ ತಿಳಿಯಿತು.

ತಾಟಿನ ಸಪ್ಪಳಕ್ಕೆ ಓಣಿ ಬಂತು. ಮಧ್ಯಾಹ್ನದ ಹೊತ್ತು. ಗಂಜಿನಿಂದ ಬರುತ್ತಿದ್ದ ಹಮಾಲರು ಕೊಕ್ಕೆ ಹೆಗಲಿಗೆ ಹಾಕಿಕೊಂಡು ನಿಂತರು. ಹೆಂಗಸರು, ಮಕ್ಕಳು, ಎರಡು ನಾಯಿ. ಹಮಾಲರಲ್ಲಿ ಹಿರಿಯನಾದ ತಾಯಣ್ಣ ಮುಂದೆ ಬಂದ.

"ಏನ್ ಕಾರ್ಯೇವು ಯವ್ವಾ?"

ಜಾಹೆದಾ ಎದ್ದು ಸೆರಗು ಸರಿಮಾಡಿಕೊಂಡಳು. "ಮನಿ ತುಂಬೋ ಕಾರ್ಯೇವ್ರಿ. ಕೂಡ್ರಿ" ಅಂದಳು.

ಕೂತರು. ಎಲೆ ಇಲ್ಲ, ತಾಟು ತಾವೇ ತಂದರು. ನನಗೆ ಬಡಿಸುವುದೂ ಗೊತ್ತಿದ್ದದ್ದು ಒಂದೇ ರೀತಿ. ಒಂದು ಸೌಟು ಹಾಕಿ ಮುಂದೆ ಹೋದೆ. ತಾಯಣ್ಣ ಹಿಂದಿನಿಂದ, "ಯವ್ವಾ, ಇನ್ನೊಂದು ಸೌಟು" ಎಂದ. ನನ್ನ ಬೆರಳ ಗೆಣ್ಣುಗಳು ತಾವಾಗಿ ಮಡಚಿಕೊಂಡವು. ತಿರುಗಿ ನೋಡಿದೆ. ಅವನು ಹೆದರಿರಲಿಲ್ಲ. ಹಸಿದಿದ್ದ, ಕೇಳಿದ, ಅಷ್ಟೇ. ಅವನಿಗೆ ಎರಡು ಸೌಟು ಹಾಕಿದೆ.

ಉಂಡು ಕೈತೊಳೆದ ಮೇಲೆ ನೂರ್ ಬೀ ನಮ್ಮ ಕಥೆಯನ್ನೆಲ್ಲ ಕೆದಕಿ ಕೆದಕಿ ಕೇಳಿದಳು. ಗೂಗಲ್ಲಿನ ವರ ನಾಳೆ ಬರುತ್ತಾನೆ ಎಂಬುದನ್ನೂ ಹೇಳಿದೆವು. ತಾಯಣ್ಣ ಬೀಡಿ ಹಚ್ಚಿ ಕೂತಿದ್ದ. ಈ ಚೀಲಗಳನ್ನೆಲ್ಲ ಹೊತ್ತು ಒಳಗೆ ಹಾಕಿದವನು ಅವನೇ. ಚೀಲದ ಮೇಲಿನ ಅಕ್ಷರ ಅವನಿಗೆ ಓದಲು ಬರುತ್ತಿರಲಿಲ್ಲ. ಜಾಹೆದಾ ಓದಿ ಹೇಳಿದಾಗ ಬೀಡಿ ಬಿಸಾಕಿದ.

"ಉಂಡ ಮನಿಗಿ ಎರಡು ಬಗೀಬಾರ್ದು" ಎಂದು ನೂರ್ ಬೀ ಅಂದಳು. ಅದನ್ನು ಅವಳು ಅಂದದ್ದು ಓಣಿಗೆ, ನಮಗಲ್ಲ.

ಸುದ್ದಿ ಸಾವ್ಕಾರರಿಗೆ ಮುಟ್ಟಿತ್ತು. ಮರುದಿನ ಮಧ್ಯಾಹ್ನ ಅವರ ಟಾಂಗಾ ಬಂತು. ಜೊತೆಗೆ ಹವಾಲ್ದಾರ ದಸ್ತಗೀರ್ ಸಾಬ್, ಹಿಂದೆ ಗೂಗಲ್ಲಿನ ವರ. ಟಾಂಗಾ ಓಣಿಯ ತುದಿಯಲ್ಲಿ ಕಂಡದ್ದೇ ಜಾಹೆದಾ ಓಡಿ ಬಂದಳು.

"ಶೇಖೀ, ತಾಟು ಬಡಿ."

"ಇನ್ನಾ ನುಚ್ಚು ಬೇಯಬೇಕಲ್ಲಬೇ."

"ಬೆಂದಷ್ಟು ಬೇಯಲಿ. ಬಡಿ."

ಬಡಿದೆ. ಸಾವ್ಕಾರರು ಇಳಿಯುವಷ್ಟರಲ್ಲಿ ಮನೆಯ ಒಳಗೆ, ಹೊರಗೆ, ಬಾಗಿಲ ಹೊಸ್ತಿಲ ಗುಂಟ ಜನ ತಾಟು ಮುಂದಿಟ್ಟುಕೊಂಡು ಕೂತಿದ್ದರು. ಒಳಗೆ ಹೋಗಬೇಕಾದರೆ ಊಟದ ತಾಟು ದಾಟಬೇಕು.

"ಹವಾಲ್ದಾರ್ರ, ಇವರನ್ನೆಲ್ಲಾ ಎಬ್ಬಿಸ್ರಿ" ಅಂದರು ಸಾವ್ಕಾರರು.

ದಸ್ತಗೀರ್ ಸಾಬ್ ಟೋಪಿ ತೆಗೆದು ಬೆವರು ಒರೆಸಿಕೊಂಡ. "ಉಣ್ಣಾಕತ್ತಾರಲ್ರೀ ಸಾವ್ಕಾರ್ರ. ಉಣ್ಣೋರನ್ನ ಎಬ್ಬಿಸಿದ್ರ ಪಾಪ ಹತ್ತತದ. ಉಂಡು ಏಳಲಿ, ಆಮ್ಯಾಲ ಎಬ್ಬಿಸ್ತೀನಿ."

ಒಂದು ಪಂಕ್ತಿ ಎದ್ದಿತು. ಹವಾಲ್ದಾರ ಲಾಠಿ ಹಿಡಿದು ಮುಂದೆ ಬರುವಷ್ಟರಲ್ಲಿ ಇನ್ನೊಂದು ಪಂಕ್ತಿ ಕೂತಿತ್ತು. ಅದು ಎದ್ದಿತು. ಮಕ್ಕಳ ಪಂಕ್ತಿ ಕೂತಿತು. ಮೊದಲು ಉಂಡವರು ಕೈತೊಳೆದು, ಬಾಯಿ ಒರೆಸಿಕೊಂಡು, ಈಗಷ್ಟೇ ಬಂದವರಂತೆ ಮುಖ ಮಾಡಿ ಮತ್ತೆ ಕೂತರು. ನಾನು ಸೌಟಿನ ತುದಿಯಲ್ಲಿ ಚೂರು ಚೂರು ಬಡಿಸಿದೆ. ನನ್ನ ಬದುಕಿನಲ್ಲಿ ಅಷ್ಟು ಸಾವಕಾಶ ಬಡಿಸಿದ್ದೇ ಇಲ್ಲ. ತಾಯಣ್ಣ ಒಂದು ತುತ್ತನ್ನು ಎಮ್ಮೆಯಂತೆ ಮೆಲುಕು ಹಾಕುತ್ತ ಸಾವ್ಕಾರರನ್ನೇ ನೋಡುತ್ತಿದ್ದ.

ಬಿಸಿಲು ಏರಿತು. ದಸ್ತಗೀರ್ ಸಾಬನ ಮೂಗು ಗಾಳಿಯಲ್ಲಿ ಏನೋ ಹುಡುಕಿತು.

"ಪುಂಡಿಪಲ್ಯೆ ಏನ್ ಬೇಟಿ?"

"ಹೌದ್ರೀ. ಬೆಳ್ಳುಳ್ಳಿ ಜಜ್ಜಿ ಹಾಕೀನಿ."

"ಸ್ವಲ್ಪ ಹಾಕು. ಸ್ವಲ್ಪ ಸಾಕು."

ಅವನೂ ಕೂತ. ಈಗ ಅವನನ್ನು ಎಬ್ಬಿಸುವವರು ಯಾರು? ಸಾವ್ಕಾರರ ವಿಭೂತಿ ಬೆವರಿಗೆ ಇಳಿದು ಹುಬ್ಬಿಗೆ ಬಂದಿತ್ತು. "ನೀವೂ ಏನ್ರೀ! ಕಳವಿನ ಕಾಳು ಅದು" ಎಂದು ಕೂಗಿದರು.

ದಸ್ತಗೀರ್ ಸಾಬ್ ಬಾಯಲ್ಲಿ ತುತ್ತಿಟ್ಟುಕೊಂಡೇ ತಲೆ ಎತ್ತಿದ. "ಕಳವಿಂದು ಅಂದ್ರ ಬರ್ಕೋಬೇಕಾಗ್ತದ. ಕಾಳು ಯಾರ್ದು ಸಾವ್ಕಾರ್ರ? ನಿಮ್ದಾ?"

ಸಾವ್ಕಾರರು ಬಾಯಿ ತೆರೆದರು. ಚೀಲಗಳ ಕೆಂಪು ಅಕ್ಷರ ಅಲ್ಲೇ ಕಾಣುತ್ತಿತ್ತು. ಬಾಯಿ ಮುಚ್ಚಿದರು. ಮತ್ತೆ ತೆರೆದು, "ಆಶ್ರಮದ್ದು" ಅಂದರು.

"ಹಂಗಾದ್ರ ಆಶ್ರಮದ ಕಾಳು ಆಶ್ರಮದ ಹುಡುಗೇರು ಉಂಡ್ರ ಕಳವು ಹೆಂಗಾತು? ಅದು ಇಲ್ಲಿಗಿ ಯಾಕ ಬಂತು ಅಂತ ಕೇಳಬೇಕಾಗ್ತದ. ಕೇಳ್ಲೇನು?"

ಆಗ ಸಾವ್ಕಾರರು ತಮ್ಮ ಬತ್ತಳಿಕೆಯ ಕೊನೆಯ ಬಾಣ ತೆಗೆದರು. ಅದು ಯಾವಾಗಲೂ ಒಂದೇ ಬಾಣ. ನಮ್ಮನ್ನು ಬಿಟ್ಟು ಪಂಕ್ತಿಯ ಕಡೆ ತಿರುಗಿದರು.

"ಉಣ್ರಿ, ಉಣ್ರಿ. ಆದ್ರ ಯಾರ ಕೈದು ಉಣ್ಣಾಕತ್ತೀರಿ ಅಂತ ಗೊತ್ತದೇನು? ಬಸ್‌ಸ್ಟ್ಯಾಂಡಿನಾಗ ಸಿಕ್ಕ ಕೂಸು ಅದು. ಯಾವ ಜಾತಿ, ಯಾವ ಕುಲ, ಯಾರಿಗಿ ಹುಟ್ಟಿದ್ದೋ. ನಾಳೆ ನಿಮ್ಮ ಮನಿಗಿ ಹೆಣ್ಣು ಕೇಳಾಕ ಬಂದೋರು ಇದನ್ನ ಕೇಳ್ತಾರ."

ತಾಟಿನಿಂದ ಬಾಯಿಗೆ ಹೋಗುತ್ತಿದ್ದ ಕೈಗಳು ನಡುವೆ ನಿಂತವು. ತಾಯಣ್ಣನ ಪಕ್ಕದಲ್ಲಿ ಕೂತಿದ್ದ ಒಬ್ಬ ಮುದುಕ ತಾಟು ಸರಿಸಿ ಎದ್ದ. ಅವನ ಹಿಂದೆ ಇನ್ನೊಬ್ಬ. ಒಬ್ಬ ಹೆಂಗಸು ಮಗುವಿನ ಬಾಯಿಂದ ತುತ್ತು ತೆಗೆದಳು. ಅದನ್ನು ನಾನು ನೋಡಿದೆ. ಆ ಮಗು ಬಾಯಿ ತೆರೆದೇ ಕೂತಿತ್ತು. ಗೂಗಲ್ಲಿನವನು ಅಂಗೈ ತಿಕ್ಕಿದಾಗಲೂ ನನಗೆ ಅಷ್ಟು ಸಿಟ್ಟು ಬಂದಿರಲಿಲ್ಲ. ಬೆಳಗಿನಿಂದ ಹೊಗೆ ಕುಡಿದು ಬೇಯಿಸಿದ್ದು ಅನ್ನ. ಅದನ್ನು ಆ ಮನುಷ್ಯ ಒಂದು ಮಾತಿನಲ್ಲಿ ಹೊಲಸು ಮಾಡಿದ್ದ.

ಸೌಟು ಹಿಡಿದು ಅವರೆದುರು ನಿಂತೆ.

"ನಮ್ಮ ಜಾತಿ ಕೇಳಿದ್ರೇನ್ರೀ? ಹೇಳ್ತೀನಿ. ಎಲ್ಲಾರೂ ಕೇಳ್ರಿ. ಮಾಸ್ತರ್ರು ದಿನಾ ಹಾಜರಿ ಕೂಗ್ತಿದ್ರು. ಶೇಖಮ್ಮ ತಂದಿ ಸೂಗಪ್ಪ."

"ಜಾಹೆದಾ ತಂದಿ ಸೂಗಪ್ಪ" ಎಂದು ಹಿಂದಿನಿಂದ ಜಾಹೆದಾ ಕೂಗಿದಳು.

"ಮಂತ್ರಿ ಮುಂದ ಹೇಳೀರಿ, ಇವುಕ್ಕ ನಾನೇ ಅಪ್ಪ ಅಂತ. ಸುಳ್ಳಾ ಖರೇನಾ? ಸುಳ್ಳಂದ್ರ ಹೇಳ್ರಿ, ಹವಾಲ್ದಾರ್ರು ಬರ್ಕೋತಾರ. ಖರೇ ಅಂದ್ರ ನಿಮ್ಮ ಜಾತಿನೇ ನಮ್ದು. ನಿಮ್ಮ ಕುಲಾನೇ ನಮ್ದು. ಅಪ್ಪನ ಮನಿಯಾಗ ಮಕ್ಕಳು ಒಲಿ ಹಚ್ಚಿದ್ರ ಯಾರಪ್ಪಂದೇನು ಹೋತು?"

ಸಾವ್ಕಾರರು ಉತ್ತರ ಹುಡುಕುತ್ತಿದ್ದರು. ಹುಡುಕಲು ಬಿಡಬಾರದು ಎಂದು ಜಾಹೆದಾಗೆ ಗೊತ್ತಿತ್ತು. ಬಂದು ನನ್ನ ಪಕ್ಕ ನಿಂತಳು. ಕೈಮುಗಿದಳು. ಆಶ್ರಮದಲ್ಲಿ ಕಲಿಸಿದ ಅದೇ ರಾಗ, ಅದೇ ತಗ್ಗಿಸಿದ ತಲೆ. ನಾವಿಬ್ಬರೂ ಕೂಡಿ ಕೂಗಿದೆವು.

"ಯಪ್ಪಾ, ಶರಣ್ರೀ ಯಪ್ಪಾ!"

ಮೊದಲು ಮಕ್ಕಳು ನಕ್ಕರು. ಆಮೇಲೆ ಆ ಮಕ್ಕಳೇ ರಾಗ ಹಿಡಿದು ಕೂಗಿದವು. ಹಮಾಲರು ನಕ್ಕರು. ದಸ್ತಗೀರ್ ಸಾಬನಿಗೆ ತುತ್ತು ನೆತ್ತಿಗೇರಿ ಕೆಮ್ಮು ಬಂತು, ನೂರ್ ಬೀ ಅವನ ತಲೆ ತಟ್ಟಿದಳು. ಎದ್ದು ನಿಂತಿದ್ದ ಮುದುಕ ಒಂದು ಸಲ ಸಾವ್ಕಾರರನ್ನು, ಒಂದು ಸಲ ತನ್ನ ತಾಟನ್ನು ನೋಡಿದ.

"ಸಾವ್ಕಾರ್ರ ಮಗಳ ಕೈದು ಅಂದ್ರ ನಡೀತದ ಬಿಡ್ರಿ" ಎಂದು ಮತ್ತೆ ಕೂತ.

ಇನ್ನೊಬ್ಬ ಮಾತ್ರ ಕೂಡಲಿಲ್ಲ, ಹೊರಟುಹೋದ. ಹೋಗಲಿ. ಎಲ್ಲರೂ ಕೂತರು ಎಂದು ನಾನು ಸುಳ್ಳು ಹೇಳುವುದಿಲ್ಲ. ಆ ಹೆಂಗಸು ಮಗುವಿನ ಬಾಯಿಗೆ ತುತ್ತು ಕೊಟ್ಟಳು, ನನಗೆ ಅದು ಸಾಕಾಗಿತ್ತು.

ನಾನು ಒಂದು ತಾಟಿಗೆ ನುಚ್ಚು, ಪುಂಡಿಪಲ್ಯೆ ಹಾಕಿ ಸಾವ್ಕಾರರ ಮುಂದೆ ಹಿಡಿದೆ. "ಉಣ್ರೀ ಯಪ್ಪಾ. ಇನ್ನೊಂದು ಸೌಟು ಬೇಕಂದ್ರ ಕೇಳ್ರಿ. ಇಲ್ಲಿ ಯಾರೂ ಬೆರಳಿಗಿ ಬಡಿಯಂಗಿಲ್ಲ."

ಅವರು ಟಾಂಗಾ ಹತ್ತಿದರು. "ನೋಡ್ಕೋತೀನಿ" ಅಂದರು. ಗೂಗಲ್ಲಿನ ವರ ಎಲ್ಲಿ ಎಂದು ಹಿಂತಿರುಗಿ ನೋಡಿದರೆ ಅವನು ಮಕ್ಕಳ ಪಂಕ್ತಿಯ ಕೊನೆಯಲ್ಲಿ ಕೂತು ಉಣ್ಣುತ್ತಿದ್ದ. "ಇವತ್ತು ಖಾರ ಬರೋಬ್ಬರಿ ಅದ" ಎಂದು ಜಾಹೆದಾಗೆ ಹೇಳಿದ. ಅವಳು ಬಾಗಿಲಾಚೆ ದಾರಿ ತೋರಿಸಿದಳು.

ಸಾವ್ಕಾರರು ನೋಡಿಕೊಳ್ಳುತ್ತೇನೆ ಎಂದದ್ದು ಸುಳ್ಳಲ್ಲ. ಮನೆಯ ಮೇಲಿನ ತಗಡು ಕೀಳಲು ಜನ ಕಳಿಸಿದರು. ನಾವು ತಾಟು ಬಡಿದೆವು. ಕಾಗದ ಹಿಡಿದ ಗುಮಾಸ್ತನನ್ನು ಕಳಿಸಿದರು. ತಾಟು ಬಡಿದೆವು. ಗುಮಾಸ್ತ ಉಂಡು ಹೋದ. ಆಮೇಲೆ ತಾಯಣ್ಣ ಒಂದು ಕೆಲಸ ಮಾಡಿದ. ಹಮಾಲರನ್ನೆಲ್ಲ ಕರೆದು ಉಳಿದ ಚೀಲಗಳನ್ನು ಬೆನ್ನಿಗೇರಿಸಿ, ಹಾಡುಹಗಲೇ ತೀನ್ ಕಂದೀಲ್ ಚೌಕಿನ ಸುತ್ತು ಹಾಕಿಸಿ, ಆಶ್ರಮದ ಗೇಟಿಗೆ ಮುಟ್ಟಿಸಿದ. ಕೆಂಪು ಅಕ್ಷರ ಹೊರಗೆ ಕಾಣುವಂತೆ ಹೊತ್ತಿದ್ದರು. ಊರಿಗೆ ಊರೇ ನೋಡಿತು. ಆ ವಾರ ಆಶ್ರಮದ ಹುಡುಗಿಯರಿಗೆ ಇನ್ನೊಂದು ಸೌಟು ಬಿತ್ತಂತೆ. ಮನೆಯ ಕಡೆ ಮತ್ತೆ ಯಾರೂ ಬರಲಿಲ್ಲ.

ಕಾಳು ಹೋದ ಮೇಲೆ ಹೊಟ್ಟೆಗೆ ನಾವೇ ದುಡಿಯಬೇಕಾಯಿತು. ಜಾಹೆದಾ ಶೇಂಗಾ ಮಿಲ್ಲಿಗೆ ಹೋದಳು. ನಾನು ಹಮಾಲರಿಗೆ ಮಧ್ಯಾಹ್ನದ ಊಟ ಮಾಡಿ ಹಾಕುತ್ತಿದ್ದೆ, ಅವರು ಕಾಳು ತಂದು ಕೊಡುತ್ತಿದ್ದರು. ರಾತ್ರಿಗೆ ಮಾತ್ರ ನಾವಿಬ್ಬರೇ. ನೂರ್ ಬೀ ಪಕ್ಕದಲ್ಲಿ ಕೂತು, "ನಕ್ಕೋ ಬೇಟಿ, ಅಷ್ಟು ಬ್ಯಾಡ, ಒಂದು ಹಿಡಿ, ಒಂದೇ ಹಿಡಿ" ಎಂದು ಕೈ ಹಿಡಿದು ಕಲಿಸಿದಳು. ಒಂದು ವರ್ಷ ಹಿಡಿಯಿತು. ಮುಂದಿನ ಜೂನ್ ಒಂದರ ಮುಂಜಾನೆ ಆ ಪುಟ್ಟ ಬೋಗಾಣಿಯಲ್ಲಿ ಸರಿಯಾಗಿ ಇಬ್ಬರಿಗೆ ನುಚ್ಚು ಬೇಯಿಸಿದ್ದೆ. ನನ್ನಷ್ಟು ಜಾಣೆ ಯಾರೂ ಇಲ್ಲ ಅನ್ನಿಸಿತ್ತು.

ಬಾಗಿಲಲ್ಲಿ ನೆರಳು ಬಿತ್ತು. ಆಶ್ರಮದ ಗೋಪಮ್ಮ. ಹೊಸ ಸೀರೆ, ತಗಡಿನ ಟ್ರಂಕು. ಅವಳಿಗೂ ಅವತ್ತೇ ಹದಿನೆಂಟು ತುಂಬಿತ್ತು. ಹೊಸ್ತಿಲು ದಾಟದೆ ನಿಂತಿದ್ದಳು.

"ಎಷ್ಟು ದಿನ ಇರಬಹುದಕ್ಕಾ?" ಅಂದಳು.

ಜಾಹೆದಾ ಟ್ರಂಕು ಕಿತ್ತುಕೊಂಡು ಒಳಗೆ ಒಯ್ದಳು. ನಾನು ಬೋಗಾಣಿ ನೋಡಿದೆ. ಕಲಿತದ್ದೆಲ್ಲ ನೀರಿಗೆ ಹೋಯಿತು.

"ನೂರ್ ಬೀ, ಆ ಡೇಗು ಕೊಡ್ರಿ" ಎಂದು ಕೂಗಿದೆ.

ಮಧ್ಯಾಹ್ನ ತಾಟು ಬಡಿದೆ. ಓಣಿ ಬಂದು ಗದ್ದಲ ಮಾಡುತ್ತ ಕೂತಿತು. ಗೋಪಮ್ಮ ಎಲ್ಲಿ ಎಂದು ನೋಡಿದೆ. ಸಪ್ಪಳ ಕೇಳಿದ್ದೇ ಅವಳು ಎದ್ದು, ತಾಟು ಎದೆಗೆ ಹಿಡಿದು, ತಲೆ ತಗ್ಗಿಸಿ ಗೋಡೆಯ ಪಕ್ಕ ನಿಂತಿದ್ದಳು. ಮುಂದೆ ಯಾರೂ ಇಲ್ಲ, ಹಿಂದೆ ಯಾರೂ ಇಲ್ಲ. ಒಬ್ಬಳೇ ಸಾಲು ನಿಂತಿದ್ದಳು.

ಕೈ ಹಿಡಿದು ತಾಯಣ್ಣನ ಪಕ್ಕದಲ್ಲಿ ಕೂಡಿಸಿದೆ. ಒಂದು ಸೌಟು ಹಾಕಿದೆ. ಬಗ್ಗಿಸಿದ ತಲೆ ಎತ್ತದೆ ಉಂಡಳು. ತಾಟು ಖಾಲಿಯಾಯಿತು. ಖಾಲಿ ತಾಟಿನ ಮೇಲೆ ಬೆರಳಾಡಿಸುತ್ತ ಕೂತಳು. ನಾನು ಸೌಟು ಹಿಡಿದು ಎದುರೇ ನಿಂತಿದ್ದೆ. ಹಾಕಬಹುದಿತ್ತು. ಹಾಕಲಿಲ್ಲ, ಕಾದೆ.

ಬೆರಳ ಗೆಣ್ಣುಗಳನ್ನು ಸೆರಗಿನಡಿ ಬಚ್ಚಿಟ್ಟುಕೊಂಡು ಗೋಪಮ್ಮ ತಲೆ ಎತ್ತಿದಳು.

"ಅಕ್ಕಾ, ಇನ್ನೊಂದು ಸೌಟು ಹಾಕು."